ನಿಮಗೆ ಬೇಕಿರುವುದು ತೊಂಬತ್ತರ ಗುಲ್ಬರ್ಗಾನಾ, ನಿಮ್ಮ ಹನ್ನೆರಡನೇ ವಯಸ್ಸಾ?

"ಗುಲ್ಬರ್ಗಾ ಮೊದಲಿನಂಗ ಉಳದಿಲ್ಲ ನೋಡ್ರಿ." ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ನೆಲೆಸಿದ ನಮ್ಮ ಭಾಗದ ನಾಲ್ಕು ಮಂದಿ ಸೇರಿದರೆ ಸಾಕು, ಚಹಾ ಬರುವ ಮೊದಲೇ ಈ ಮಾತು ಬಂದುಬಿಡುತ್ತದೆ. ಆಮೇಲೆ ಸ್ಟೇಷನ್ ಎದುರಿನ ಟಾಂಗಾ, ಬಾಡಿಗೆ ಸೈಕಲ್, ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಮಿರ್ಚಿ ಭಜಿ, ಮಾಳಿಗೆ ಮೇಲೆ ಮಲಗಿದ್ದು, ರಾತ್ರಿ 11ರ ಮೇಲೆ ದರ ಕಾಲು ಭಾಗ ಆಗುತ್ತದೆ ಅಂತ ಎಸ್‌ಟಿಡಿ ಬೂತ್ ಮುಂದೆ ಕಾದು ನಿಂತದ್ದು, ಎಲ್ಲಾ ಒಂದೊಂದಾಗಿ ಹೊರಬರುತ್ತವೆ. ಕೊನೆಗೆ ಯಾರಾದರೂ ಒಬ್ಬರು ನಿಟ್ಟುಸಿರು ಬಿಟ್ಟು "ಆ ದಿನಾನೇ ಬ್ಯಾರೆ ಬಿಡ್ರಿ" ಅನ್ನುತ್ತಾರೆ. ಎಲ್ಲರೂ ತಲೆ ಆಡಿಸುತ್ತಾರೆ.

ನಾನೂ ತಲೆ ಆಡಿಸುತ್ತೇನೆ. ಆದರೆ ಈ ಹಂಬಲ ಹುಟ್ಟುವುದು ಎಲ್ಲಿಂದ, ತಲೆಯೊಳಗೆ ಏನು ನಡೆಯುತ್ತದೆ, ಇದರಲ್ಲಿ ಎಷ್ಟು ನಿಜ ಎಷ್ಟು ನಮ್ಮ ಮಿದುಳಿನ ಕೈಚಳಕ ಅಂತ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಯಾಕೆಂದರೆ ಇದರ ಮೇಲೆ ವಿಜ್ಞಾನಿಗಳು ಸಾಕಷ್ಟು ಕೆಲಸ ಮಾಡಿದ್ದಾರೆ, ಮತ್ತು ಅವರು ಕಂಡುಕೊಂಡದ್ದು ನಮ್ಮ ಊರಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ.

ಮೊದಲು ಒಂದು ಒಗಟು. ಒಂದೇ ಮನೆಯ ಮೂರು ತಲೆಮಾರನ್ನು ಕೂರಿಸಿ ಕೇಳಿ, ಒಳ್ಳೆಯ ಕಾಲ ಯಾವುದು ಅಂತ. ತೊಂಬತ್ತು ದಾಟಿದ ಅಜ್ಜ ಹೈದರಾಬಾದ್ ನಿಜಾಮನ 'ಹಾಲಿ ಸಿಕ್ಕಾ' ಅನ್ನುವ ರೂಪಾಯಿಯ ಬೆಲೆ ಹೇಳುತ್ತಾರೆ, ಒಂದು ರೂಪಾಯಿಗೆ ಏನೇನು ಬರುತ್ತಿತ್ತು ಅಂತ. ಅಪ್ಪನಿಗೆ ಎಪ್ಪತ್ತರ ದಶಕ. 1975–76ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತಲ್ಲ, ಅದರಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳೂ ಇದ್ದವು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕಿಂತ ಮೊದಲೇ ನಮ್ಮ ಹಳ್ಳಿಯ ಮಂದಿ ಕಟ್ಟೆ ಮುಂದೆ ಕೂತು ಟಿವಿ ನೋಡಿದ್ದರು. (ನಾವು ಹಿಂದುಳಿದವರು ಅಂತ ಯಾರಾದರೂ ಅಂದರೆ ಇದನ್ನು ಹೇಳಿ, ಖುಷಿಯಾಗುತ್ತದೆ.) ಇನ್ನು ಮಗನಿಗೆ ತೊಂಬತ್ತರ ದಶಕ ಬಿಟ್ಟರೆ ಬೇರೆ ಇಲ್ಲ.

ಈಗ ಇನ್ನೊಂದು ಬದಿ ನೋಡಿ. ಅಜ್ಜನ ಬಂಗಾರದ ಕಾಲದಲ್ಲೇ ನಿಜಾಮನ ಪರ ನಿಂತ ರಜಾಕಾರರ ಹಾವಳಿ ಇತ್ತು, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಇತ್ತು, ಜನ ಜೀವ ಕೈಯಲ್ಲಿ ಹಿಡಿದುಕೊಂಡು ಊರು ಬಿಟ್ಟಿದ್ದರು. ಅಪ್ಪನ ಎಪ್ಪತ್ತರ ದಶಕದಲ್ಲಿ 1972ರ ಭೀಕರ ಬರ ಇತ್ತು. ಮಗನ ತೊಂಬತ್ತರಲ್ಲಿ ಏನಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೂವರ ಮಾತೂ ಸರಿ ಅಂದುಕೊಂಡರೆ ಊರು ಎಪ್ಪತ್ತೆಂಬತ್ತು ವರ್ಷದಿಂದ ಒಂದೇ ಸಮ ಕೆಡುತ್ತಲೇ ಬಂದಿದೆ ಅಂತಾಯ್ತು. ಹಾಗಿದ್ದರೆ ಇಷ್ಟೊತ್ತಿಗೆ ಅಲ್ಲಿ ಏನೂ ಉಳಿದಿರಬಾರದಿತ್ತು, ಅಲ್ವಾ?

ಮೂವರೂ ಬೇರೆ ಬೇರೆ ದಶಕ ಹೇಳಿದರೂ ಒಂದು ವಿಷಯದಲ್ಲಿ ಅವರದು ಒಂದೇ ಮಾತು. ಮೂವರೂ ಹೇಳಿದ್ದು ತಾವು ಹುಡುಗರಾಗಿದ್ದ ಕಾಲವನ್ನು.

ಒಂದು ಕಾಲಕ್ಕೆ ಇದು ಕಾಯಿಲೆ

ಊರಿನ ಹಂಬಲವನ್ನು ಮೊದಲು ಅಭ್ಯಾಸ ಮಾಡಿದವರು ವೈದ್ಯರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇದರ ಮೇಲೆ ಪ್ರಬಂಧ ಬರೆದ. ಮನೆಯಿಂದ ದೂರ ಇರುವವರು ಊಟ ಬಿಡುತ್ತಾರೆ, ನಿದ್ದೆ ಬಿಡುತ್ತಾರೆ, ಸೊರಗುತ್ತಾರೆ, ಇದು ಒಂದು ರೋಗ ಅಂದ. ಪರದೇಶದಲ್ಲಿ ಕೂಲಿಗೆ ಯುದ್ಧ ಮಾಡಲು ಹೋದ ಸ್ವಿಸ್ ಸೈನಿಕರಲ್ಲಿ ಇದು ಜಾಸ್ತಿ ಅಂತ ಹೆಸರಾಯಿತು. ಆಮೇಲೆ ಶಾಯ್ಖ್‌ಸರ್ ಅನ್ನುವ ಇನ್ನೊಬ್ಬ ಸ್ವಿಸ್ ವಿದ್ವಾಂಸ, ಬೆಟ್ಟದಿಂದ ಬಯಲಿಗೆ ಇಳಿದವರ ಮೈಮೇಲೆ ಗಾಳಿಯ ಒತ್ತಡ ಹೆಚ್ಚಾಗಿ ಹೀಗಾಗುತ್ತದೆ ಅಂತ ವಾದ ಮಾಡಿದ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೂ ಸೇನೆಯ ವೈದ್ಯರು ಇದನ್ನು ಕಾಯಿಲೆ ಅಂತಲೇ ದಾಖಲಿಸುತ್ತಿದ್ದರು. ಐದು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಆ ಲೆಕ್ಕದಲ್ಲಿದೆ.

ನಮ್ಮಲ್ಲಿ ಇದಕ್ಕೆ ಯಾರೂ ಔಷಧ ಕೊಡಲಿಲ್ಲ. ಗುಳೆ ಹೋಗುವುದು ನಮ್ಮ ಭಾಗಕ್ಕೆ ಹೊಸದಲ್ಲ. ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದವರು ಎಳ್ಳ ಅಮಾವಾಸ್ಯೆಗೆ ಊರು ಸೇರಬೇಕು ಅಂತ ರೈಲಿನಲ್ಲಿ ಬಾಗಿಲ ಹತ್ತಿರ ಕೂತು ಬರುತ್ತಾರೆ. ಅದೇ ಔಷಧ.

ನೆನಪಿನ ದಿಬ್ಬ

ಈಗ ವಿಜ್ಞಾನಕ್ಕೆ ಬರೋಣ. ನಲವತ್ತು ದಾಟಿದವರಿಗೆ ಒಂದೊಂದು ಪದ ಕೊಟ್ಟು, ಇದನ್ನು ಕೇಳಿದಾಗ ನಿಮ್ಮ ಬದುಕಿನ ಯಾವ ಘಟನೆ ನೆನಪಾಗುತ್ತದೆ ಅಂತ ಕೇಳುತ್ತಾ ಹೋಗುವ ಒಂದು ಪ್ರಯೋಗ ಇದೆ. ಬಂದ ನೆನಪುಗಳನ್ನೆಲ್ಲಾ ವಯಸ್ಸಿನ ಪ್ರಕಾರ ಗ್ರಾಫ್ ಹಾಕಿದರೆ ತೀರಾ ಈಚಿನ ವರ್ಷಗಳದು ಜಾಸ್ತಿ ಇರುತ್ತದೆ, ಅದು ಸಹಜ. ಅದನ್ನು ಬಿಟ್ಟರೆ ಸುಮಾರು 10ರಿಂದ 30ನೇ ವಯಸ್ಸಿನ ನಡುವೆ ಗ್ರಾಫ್ ದಿಬ್ಬದ ಹಾಗೆ ಎದ್ದು ನಿಲ್ಲುತ್ತದೆ. 1986ರಲ್ಲಿ ಡೇವಿಡ್ ರೂಬಿನ್ ಮತ್ತು ಅವರ ಜೊತೆಗಾರರು ಇದನ್ನು ಗುರುತಿಸಿದರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ನೋಡಿದರೂ ದಿಬ್ಬ ಅಲ್ಲೇ ಸಿಕ್ಕಿದೆ.

ಯಾಕೆ ಆ ವಯಸ್ಸೇ? ಒಂದು ಕಾರಣ, ಎಲ್ಲಾ 'ಮೊದಲು'ಗಳು ಅಲ್ಲಿರುತ್ತವೆ. ಮೊದಲ ಸೈಕಲ್, ಮನೆಯವರಿಗೆ ಹೇಳದೆ ನೋಡಿದ ಮೊದಲ ಸಿನಿಮಾ, ಮೊದಲ ಸಲ ಒಬ್ಬನೇ ಹತ್ತಿದ ಉದ್ಯಾನ್ ಎಕ್ಸ್‌ಪ್ರೆಸ್, ಮೊದಲ ಸಂಬಳ. ಮಿದುಳಿಗೆ ಹೊಸದು ಅಂದರೆ ಇಷ್ಟ, ಹೊಸದನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ನಲವತ್ತೈದನೇ ವಯಸ್ಸಿನ ಒಂದು ಮಂಗಳವಾರಕ್ಕೂ ಮುಂದಿನ ಮಂಗಳವಾರಕ್ಕೂ ಅಂಥ ವ್ಯತ್ಯಾಸ ಏನಿರುತ್ತದೆ ಹೇಳಿ. ಎರಡನೇ ಕಾರಣ, ನಾನು ಯಾರು ಅನ್ನುವುದು ಗಟ್ಟಿಯಾಗುವ ವಯಸ್ಸು ಅದು. ಆಗ ಸುತ್ತ ಇದ್ದದ್ದೆಲ್ಲಾ, ಊರು, ಭಾಷೆ, ಗೆಳೆಯರು, ನಮ್ಮ ಒಂದು ಭಾಗವೇ ಆಗಿಬಿಡುತ್ತದೆ.

ಹಾಡಿನ ವಿಷಯದಲ್ಲೂ ಹೀಗೇ. 1989ರಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬಿಬ್ಬರು ಬೇರೆ ಬೇರೆ ವಯಸ್ಸಿನವರಿಗೆ ಹಲವು ಕಾಲದ ಹಾಡು ಕೇಳಿಸಿ ನೋಡಿದರು. ಸರಾಸರಿಯಲ್ಲಿ ಜನ ಹೆಚ್ಚು ಮೆಚ್ಚಿದ್ದು ತಮಗೆ 24ರ ಆಸುಪಾಸು ಇದ್ದಾಗ ಬಂದ ಹಾಡುಗಳನ್ನು. "ಈಗಿನ ಹಾಡು ಹಾಡೇ ಅಲ್ಲ" ಅಂತ ನಿಮ್ಮ ಕಾಕಾ ಅಂದಾಗ ಅವರು ಸಂಗೀತದ ವಿಮರ್ಶೆ ಮಾಡುತ್ತಿಲ್ಲ. ತಮ್ಮ ವಯಸ್ಸು ಹೇಳುತ್ತಿದ್ದಾರೆ.

ನನಗೆ ತುಂಬಾ ಹಿಡಿಸಿದ್ದು 1998ರ ಇನ್ನೊಂದು ಅಧ್ಯಯನ. ಶ್ರಾಫ್ ಮತ್ತು ರೂಬಿನ್ ಅಮೆರಿಕಕ್ಕೆ ವಲಸೆ ಬಂದ ಸ್ಪ್ಯಾನಿಷ್ ಭಾಷಿಕ ಹಿರಿಯರನ್ನು ಮಾತಾಡಿಸಿದರು. ಇಪ್ಪತ್ತರ ಆರಂಭದಲ್ಲಿ ಊರು ಬಿಟ್ಟವರಲ್ಲಿ ದಿಬ್ಬ ಮಾಮೂಲಿ ಜಾಗದಲ್ಲೇ ಇತ್ತು. ಮೂವತ್ತು ದಾಟಿದ ಮೇಲೆ ಊರು ಬಿಟ್ಟವರಲ್ಲಿ ಅದು ಊರು ಬಿಟ್ಟ ವರ್ಷಗಳ ಕಡೆ ಸರಿದಿತ್ತು. ಅಂದರೆ ಊರು ಬಿಡುವುದು ಸುಮ್ನೆ ವಿಳಾಸ ಬದಲಾಗುವ ವಿಷಯ ಅಲ್ಲ. ನೆನಪುಗಳು ಅದರ ಸುತ್ತ ಬಂದು ಸೇರುತ್ತವೆ. ಪಿಯುಸಿ ಮುಗಿಸಿ ಇಂಜಿನಿಯರಿಂಗಿಗೆ ಅಂತ ಬೆಂಗಳೂರು ರೈಲು ಹತ್ತಿದ ನಮ್ಮವರ ಸ್ಥಿತಿ ನೋಡಿ. ವಯಸ್ಸಿನ ದಿಬ್ಬ, ಊರು ಬಿಟ್ಟ ದಿಬ್ಬ, ಎರಡೂ ಒಂದರ ಮೇಲೊಂದು ಕೂತಿವೆ. ತೊಂಬತ್ತರ ದಶಕ ಅಷ್ಟು ಎತ್ತರ ಕಾಣುವುದು ಅದಕ್ಕೇ.

ಕಟ್ಟಿಟ್ಟ ರೊಟ್ಟಿ ಅಲ್ಲ

ಇನ್ನೊಂದು ವಿಷಯ ಜನ ಸುಲಭಕ್ಕೆ ಒಪ್ಪುವುದಿಲ್ಲ. ನೆನಪು ಅನ್ನುವುದು ಡಬ್ಬಿಯಲ್ಲಿ ಕಟ್ಟಿಟ್ಟ ಖಡಕ್ ರೊಟ್ಟಿ ಅಲ್ಲ, ಬೇಕಾದಾಗ ತೆಗೆದು ಮುರಿಯಲು. ಅದು ಪ್ರತಿ ಸಲ ಹೊಸದಾಗಿ ಬಡಿಯುವ ಬಿಸಿ ರೊಟ್ಟಿ. ಹಿಟ್ಟು ಹಳೆಯದೇ, ಆದರೆ ಬಡಿಯುವ ಕೈ ಇವತ್ತಿನದು. ಬ್ರಿಟನ್ನಿನ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ಇದನ್ನು ತೋರಿಸಿದ್ದರು. ನಾವು ನೆನಪಿಸಿಕೊಳ್ಳುವಾಗ ಚೂರುಪಾರು ಸಿಕ್ಕದ್ದನ್ನು ಹಿಡಿದು, ಉಳಿದದ್ದನ್ನು ಹೀಗೇ ಇದ್ದಿರಬೇಕು ಅಂತ ತುಂಬಿ ಕಟ್ಟುತ್ತೇವೆ.

"ನನಗ ಕಣ್ಣಿಗಿ ಕಟ್ಟಿದಂಗ ಅದ" ಅಂತ ನೀವು ಅನ್ನಬಹುದು. ಆಗಲಿ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಅಮೆರಿಕದಲ್ಲಿ ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿ ತನ್ನ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ ಕೇಳಿದಿರಿ, ಯಾರ ಜೊತೆ ಇದ್ದಿರಿ ಅಂತೆಲ್ಲಾ ಬರೆಸಿಟ್ಟರು. ಸುಮಾರು ಎರಡೂವರೆ ವರ್ಷ ಬಿಟ್ಟು ಅದನ್ನೇ ಮತ್ತೆ ಕೇಳಿದರು. ಕಾಲು ಭಾಗ ಮಂದಿ ಹೇಳಿದ್ದು ಪೂರ್ತಿ ಬೇರೆ ಕಥೆ. ಅವರದೇ ಕೈಬರಹ ತೋರಿಸಿದರೂ ಕೆಲವರಿಗೆ ನಂಬಿಕೆ ಬರಲಿಲ್ಲ.

ನಮ್ಮ ಚಾಲೆಂಜರ್ ಅಂದರೆ ಕಿಲ್ಲಾರಿ ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕು, ಗಣಪತಿ ಕಳಿಸಿ ಮಂದಿ ಆಗ ತಾನೇ ಮಲಗಿದ್ದರು. ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಲಾತೂರು ಕಡೆ ಭೂಮಿ ನಡುಗಿತು. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಕಲ್ಲು ಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದವು. ಗಡಿಯ ಈಚೆ ಬೀದರ್, ಆಳಂದ, ಗುಲ್ಬರ್ಗಾದಲ್ಲಿ ಮಂದಿ ಎದ್ದೆವೋ ಬಿದ್ದೆವೋ ಅಂತ ಹೊರಗೆ ಓಡಿದರು. ಇದನ್ನು ಈಗ ನಮ್ಮವರ ಬಾಯಲ್ಲಿ ಕೇಳಿ. "ಹೊರಗ ಹೊರಸು ಹಾಕ್ಕೊಂಡು ಮಲಗ್ತಿದ್ವಿ, ಇಡೀ ಓಣಿ ಒಂದೇ ಕಡಿ, ಯಾರ ಮನಿ ಚಹಾ, ಯಾರ ಮನಿ ರೊಟ್ಟಿ, ಏನ್ ಮಜಾ ಇತ್ತಂತೀರಿ!" ಮಜಾ! ಆಗ ಪ್ರತಿ ತಾಯಿಯೂ ಮತ್ತೆ ನಡುಗುತ್ತದಾ ಅಂತ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.

ಇದು ಸುಳ್ಳು ಹೇಳುವುದಲ್ಲ. ಒಂದು ಘಟನೆಯ ಜೊತೆ ಅಂಟಿಕೊಂಡ ಭಯ, ಸಿಟ್ಟು, ಅವಮಾನ ಬೇಗ ಮಾಸುತ್ತವೆ, ಖುಷಿ ನಿಧಾನಕ್ಕೆ ಮಾಸುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಘಟನೆ ನೆನಪಿರುತ್ತದೆ, ಅದರ ಕಹಿ ಹೋಗಿರುತ್ತದೆ. 1997ರಲ್ಲಿ ಟೆರೆನ್ಸ್ ಮಿಚೆಲ್ ಮತ್ತು ಜೊತೆಗಾರರು ಇನ್ನೊಂದು ನೋಡಿದರು. ಪ್ರವಾಸಕ್ಕೆ ಹೊರಟವರನ್ನು ಹೋಗುವ ಮೊದಲು, ಹೋದಾಗ, ಬಂದ ಮೇಲೆ ಮಾತಾಡಿಸಿದರು. ಹೋದಾಗ ಮಳೆ, ಸುಸ್ತು, ಬೇಜಾರು. ಬಂದು ಕೆಲವು ದಿನ ಕಳೆದ ಮೇಲೆ ಅದೇ ಪ್ರವಾಸ ಬಲು ಚೆನ್ನಾಗಿತ್ತು. ನಾಲ್ಕು ದಿನದಲ್ಲಿ ಇಷ್ಟು ಬಣ್ಣ ಬಳಿಯುವ ಮನಸ್ಸು ಮೂವತ್ತು ವರ್ಷದಲ್ಲಿ ಏನೆಲ್ಲಾ ಮಾಡಬಹುದು ಅಂತ ನೀವೇ ಲೆಕ್ಕ ಹಾಕಿ.

ಮಾಳಿಗೆ ಮೇಲೆ ಮಲಗಿದ್ದನ್ನೇ ತೆಗೆದುಕೊಳ್ಳಿ. ಚುಕ್ಕಿ, ಗಾಳಿ, ಅಜ್ಜಿಯ ಕಥೆ, ಎಲ್ಲಾ ನಿಜ. ಮೇಲೆ ಹತ್ತಿದ್ದು ಯಾಕೆ? ಮೇ ತಿಂಗಳಲ್ಲಿ 42 ಡಿಗ್ರಿ, ಕರೆಂಟ್ ಇಲ್ಲ, ಒಳಗೆ ಮಲಗಿದರೆ ಬೆಂದು ಹೋಗುತ್ತಿದ್ದೆವು. ಆ ಭಾಗ ಮಾಸಿದೆ.

ವಾಸನೆಯದು ಒಂದು ಬೇರೆಯೇ ಆಟ, ಬೇಗ ಹೇಳಿ ಮುಗಿಸುತ್ತೇನೆ. ನೋಡಿದ್ದು, ಕೇಳಿದ್ದು ಎಲ್ಲಾ ಮಿದುಳಿನಲ್ಲಿ ಥಲಾಮಸ್ ಎಂಬ ಭಾಗದ ಮೂಲಕ ಹೋಗಬೇಕು. ವಾಸನೆ ಮಾತ್ರ ಅದನ್ನು ತಪ್ಪಿಸಿಕೊಂಡು, ಭಾವನೆ ಮತ್ತು ನೆನಪಿನ ಭಾಗಗಳಿಗೆ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ವಾಸನೆ ಎಬ್ಬಿಸುವ ನೆನಪುಗಳಲ್ಲಿ ನಮಗೆ ಹತ್ತು ವರ್ಷ ತುಂಬುವ ಮೊದಲಿನವೇ ಜಾಸ್ತಿ ಅಂತಲೂ ಕಂಡುಬಂದಿದೆ. ದಾಲ್ ಮಿಲ್ ಪಕ್ಕ ಹಾದು ಹೋಗುವಾಗ ಬರುವ ತೊಗರಿಯ ವಾಸನೆ, ಎರೆ ಹೊಲಕ್ಕೆ ಬಿದ್ದ ಮೊದಲ ಮಳೆ, ಇವು ನಲವತ್ತರವರನ್ನು ಒಂದು ಕ್ಷಣ ನಿಲ್ಲಿಸಿಬಿಡುವುದು ಅದಕ್ಕೆ. ಬೆಂಗಳೂರಿನ ಸೂಪರ್ ಮಾರ್ಕೆಟಿನಲ್ಲಿ ಗುಲ್ಬರ್ಗಾ ತೊಗರಿ ಅಂತ ಬರೆದ ಪೊಟ್ಟಣ ಸಿಗುತ್ತದೆ, 2019ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ (ಇದು ಇಂಥ ನೆಲದ್ದೇ ಅನ್ನುವ ಗುರುತು) ಬಂತು. ಆದರೆ ಪ್ಲಾಸ್ಟಿಕ್ಕಿನೊಳಗಿಂದ ವಾಸನೆ ಬರುವುದಿಲ್ಲವಲ್ಲ.

ಬದಲಾಗದ ಊರು ನಮಗೆ ನಿಜವಾಗಿ ಬೇಕಾ?

ಊರು ಹಾಗೇ ಇರಬೇಕಿತ್ತು ಅನ್ನುತ್ತೇವೆ. ಸರಿ, ಹಾಗೇ ಇರುವುದನ್ನು ನೋಡೋಣ. ಕಲಬುರಗಿ (ಗುಲ್ಬರ್ಗಾಕ್ಕೆ ಈಗಿನ ಹೆಸರು) ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಆರೂವರೆ ಶತಮಾನದಿಂದ ನಿಂತಿದೆ. ಅಂಗಳಕ್ಕೂ ಗುಮ್ಮಟದ ಮುಚ್ಚಿಗೆ ಇರುವ ಅಪರೂಪದ ಕಟ್ಟಡ ಅದು. ಊರು ಬಿಟ್ಟವರಲ್ಲಿ ಯಾರಾದರೂ "ಜಾಮಾ ಮಸೀದಿ ನೆನಪಾಗಿ ಕರುಳು ಚುರ್ ಅಂತು" ಅಂದದ್ದು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಆದರೆ ಹತ್ತು ವರ್ಷ ನಡೆದು ಮುಚ್ಚಿ ಹೋದ ಯಾವುದೋ ಚಹಾದಂಗಡಿಗೆ, ಕೆಡವಿದ ಟಾಕೀಸಿಗೆ, ಕಣ್ಣಲ್ಲಿ ನೀರು ಬರುತ್ತದೆ. ಉಳಿದದ್ದಕ್ಕೆ ಯಾರೂ ಹಂಬಲಿಸುವುದಿಲ್ಲ. ಹೋದದ್ದಕ್ಕೆ ಮಾತ್ರ ಹಂಬಲ. ಹಾಗಾಗಿ ಊರು ನಿಜಕ್ಕೂ ಬದಲಾಗದೇ ಇದ್ದಿದ್ದರೆ ನಾವು ಅದರ ಬಗ್ಗೆ ಇಷ್ಟು ಮಾತಾಡುತ್ತಲೇ ಇರಲಿಲ್ಲ. "ಇನ್ನೂ ಹಂಗೇ ಅದ, ಏನೂ ಸುಧಾರಿಸಿಲ್ಲ" ಅಂತ ಬೈಯುತ್ತಿದ್ದೆವು.

ಊರು ಅಂದರೆ ಹೇಗೂ ಸುಮ್ಮನೆ ಇರುವಂಥದ್ದಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಈಗ ಸೇಡಂ ರಸ್ತೆಯ ಒಂದು ಹಳ್ಳಿ, ಪಕ್ಕದಲ್ಲಿ ಸಿಮೆಂಟ್ ಕಾರ್ಖಾನೆ. ಗುಲ್ಬರ್ಗಾ 1347ರಿಂದ ಬಹಮನಿಗಳ ರಾಜಧಾನಿ, ಹದಿನೈದನೇ ಶತಮಾನದಲ್ಲಿ ಆ ಪಟ್ಟ ಬೀದರಿಗೆ ಹೋಯಿತು. ಆಗಲೂ ಬಜಾರಿನಲ್ಲಿ ಕೂತು ಯಾರೋ ಒಬ್ಬ ಮೊದಲಿನಂಗಿಲ್ಲ ಅಂತ ಗೊಣಗಿಯೇ ಇರುತ್ತಾನೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಊರು ಬಿಟ್ಟವರು ಊರನ್ನು ನೋಡುವುದು ಯಾವಾಗ? ಶರಣಬಸವೇಶ್ವರ ಜಾತ್ರೆಗೆ. ದೀಪಾವಳಿಗೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ಕಡಬು, ಭಜ್ಜಿ ಪಲ್ಯ ಉಣ್ಣಲು. ಮದುವೆಗೆ. ಅಂದರೆ ಊರು ತನ್ನ ಒಳ್ಳೆ ಬಟ್ಟೆ ಹಾಕಿಕೊಂಡ ದಿನಗಳಲ್ಲಿ ಮಾತ್ರ. ಆ ದಿನ ಎಲ್ಲರೂ ರಜೆಯಲ್ಲಿರುತ್ತಾರೆ, ಎಲ್ಲರೂ ಮಾತಾಡಿಸುತ್ತಾರೆ, ಅಕ್ಕ ಹುಗ್ಗಿ ಮಾಡಿರುತ್ತಾಳೆ. ಹೀಗೆ ಇಪ್ಪತ್ತು ವರ್ಷ ಹೋಗಿ ಬಂದರೆ ನಿಮ್ಮ ತಲೆಯಲ್ಲಿರುವ ಕಲಬುರಗಿಯಲ್ಲಿ ದಿನಾ ಜಾತ್ರೆ. ನಳದ ನೀರು ಬಾರದ ದಿನ ಅದರಲ್ಲಿಲ್ಲ. ಆಫೀಸಿಗೆ ಅಲೆದ ದಿನ ಅದರಲ್ಲಿಲ್ಲ. ಇನ್ನೊಂದು ಕಡೆ ಬೆಂಗಳೂರಿನಲ್ಲಿ ನೀವು ವರ್ಷಪೂರ್ತಿ ಟ್ರಾಫಿಕ್ಕಿನಲ್ಲೇ ಕೂತಿರುತ್ತೀರಿ. ಒಂದು ಕಡೆಯ ಹಬ್ಬವನ್ನು ಇನ್ನೊಂದು ಕಡೆಯ ಸೋಮವಾರದ ಜೊತೆ ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ?

ಊರಲ್ಲೇ ಉಳಿದವರಿಗೆ ಇದು ಚೆನ್ನಾಗಿ ಗೊತ್ತು. ಜಾತ್ರೆಗೆ ಬಂದವರು ಅಡುಗೆಮನೆ ಬಾಗಿಲಲ್ಲಿ ನಿಂತು, ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಯಾಕೆ ಹಾಕಿಸಿದಿರಿ, ಹಳೇ ಮನೆ ಎಷ್ಟು ಚೆಂದ ಇತ್ತು ಅಂತ ಕೇಳುತ್ತಾರೆ. ವೈನಿ ರೊಟ್ಟಿ ತಟ್ಟುತ್ತಲೇ ಉತ್ತರ ಕೊಡುತ್ತಾಳೆ: "ಮಳಿಗಾಲದಾಗ ಬಂದು ನಾಕ್ ದಿನ ಇರ್ರಿ ಭಾವ. ಸೋರಿದ್ದಕ್ಕ ಬುಟ್ಟಿ ಇಟ್ಟು ಇಟ್ಟು ನನ್ ನಡಾ ಹೋಗ್ಯಾದ."

ಯಾರ ತೊಂಬತ್ತು?

ಇದನ್ನು ಕೇಳಲೇಬೇಕು. ಗುಲ್ಬರ್ಗಾದ ಎಂಎಸ್‌ಕೆ ಮಿಲ್ ನಿಜಾಮನ ಕಾಲದ ಬಟ್ಟೆ ಗಿರಣಿ. ಅದರ ಭೋಂಗಾ (ಸೈರನ್) ಕೇಳಿ ಊರಿನ ಅರ್ಧ ಮಂದಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅದು ಬಾಗಿಲು ಹಾಕಿದ್ದು ತೊಂಬತ್ತರ ದಶಕದಲ್ಲೇ. ಈಗ ರಸ್ತೆಗೂ ಬಡಾವಣೆಗೂ ಅದರ ಹೆಸರು ಉಳಿದಿದೆ, ಅಷ್ಟೇ. ಆ ಮಿಲ್ಲಿನ ಕಾರ್ಮಿಕರ ಮನೆಯಲ್ಲಿ ತೊಂಬತ್ತರ ದಶಕದ ಸುದ್ದಿ ತೆಗೆಯಿರಿ ನೋಡೋಣ, ಯಾರೂ ನಿಟ್ಟುಸಿರಿನಲ್ಲಿ ಮಜಾ ಹೇಳುವುದಿಲ್ಲ. ಅದೇ ಊರು, ಅದೇ ವರ್ಷ.

ನಿಮ್ಮ ಮನೆಯಲ್ಲೇ ಕೇಳಿ. ನೀವು ಗೋಲಿ ಆಡುತ್ತಿದ್ದ ಆ ಸಂಜೆಯಲ್ಲಿ ನಿಮ್ಮ ಅಕ್ಕ ಬೋರ್‌ವೆಲ್ ಮುಂದೆ ಕೊಡ ಹಿಡಿದು ಪಾಳಿಯಲ್ಲಿ ನಿಂತಿದ್ದಳಾ? ಎಸ್ಸೆಸ್ಸೆಲ್ಸಿ ಆದ ಮೇಲೆ ಅವಳ ಓದು ಏನಾಯಿತು? ಆ ದಶಕದಲ್ಲಿ ಅಪ್ಪನ ಸಾಲ ಎಷ್ಟಿತ್ತು, ಅವ್ವನ ಕೊರಳಿನ ಸರ ಎಷ್ಟು ಸಲ ಅಡವಿಗೆ ಹೋಗಿ ಬಂತು? ಹನ್ನೆರಡು ವರ್ಷದ ಹುಡುಗನಿಗೆ ಇವು ಯಾವುದೂ ಗೊತ್ತಿರುವುದಿಲ್ಲ. ಆ ಕಾಲ ಹಗುರ ಇದ್ದದ್ದು ಭಾರವನ್ನು ಬೇರೆಯವರು ಹೊತ್ತಿದ್ದಕ್ಕೆ. ಊರ ಹೊರಗಿನ ಕೇರಿಯವರನ್ನು ಕೇಳಿದರೆ ಇನ್ನೂ ಬೇರೆ ಉತ್ತರ ಬರುತ್ತದೆ. ಯಾವ ಹೋಟೆಲಿನಲ್ಲಿ ಯಾರಿಗೆ ಯಾವ ಲೋಟ ಇತ್ತು ಅನ್ನುವುದನ್ನು ಅವರು ಮರೆತಿರುವುದಿಲ್ಲ.

ಅಂಕಿ ಬೇಕಂದರೆ ಇಲ್ಲಿವೆ. 1990ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 80 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಅದು 28ಕ್ಕೆ ಇಳಿಯಿತು. 1991ರ ಜನಗಣತಿ ಹೊತ್ತಿಗೆ ಗುಲ್ಬರ್ಗಾ ಜಿಲ್ಲೆಯಲ್ಲಿ ಓದು ಬರಹ ಬಲ್ಲವರು ಅರ್ಧದಷ್ಟೂ ಇರಲಿಲ್ಲ. 2011ಕ್ಕೆ ಶೇ 65ರ ಹತ್ತಿರ ಬಂತು. ಯಾದಗಿರಿ 2010ರಲ್ಲಿ ಬೇರೆ ಜಿಲ್ಲೆಯಾಯಿತು, ಅಲ್ಲಿ 2011ರಲ್ಲೂ ಶೇ 52 ಮಾತ್ರ, ಇನ್ನೂ ದೂರ ಹೋಗಬೇಕು. ಹೈಕೋರ್ಟ್ ಕೇಸಿಗೆ ಬೆಂಗಳೂರಿನವರೆಗೆ ಹೋಗಬೇಕಿದ್ದ ಕಾಲ 2008ರಲ್ಲಿ ನಮ್ಮೂರಿಗೇ ಪೀಠ ಬಂದ ಮೇಲೆ ಮುಗಿಯಿತು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಸಂವಿಧಾನದಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಹುಡುಗರಿಗೆ ಸೀಟು, ನೌಕರಿಯಲ್ಲಿ ಪಾಲು ಸಿಕ್ಕಿತು. ಬೀದರ್–ಕಲಬುರಗಿ ರೈಲು ದಾರಿ 2017ರಲ್ಲಿ, ವಿಮಾನ ನಿಲ್ದಾಣ 2019ರಲ್ಲಿ ಬಂತು. ಊರು ಹಾಗೇ ಇರಬೇಕಿತ್ತು ಅಂದರೆ ಇವೆಲ್ಲಾ ಬೇಡ ಅಂದಂತೆ. ಅಲ್ಲಿ ಉಳಿದವರ ಮುಂದೆ ಹಾಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಆದರೆ ಎಲ್ಲಾ ಭ್ರಮೆ ಅಲ್ಲ

ಇಷ್ಟು ಹೇಳಿ, ಹಳೆಯದಕ್ಕೆ ಅಳುವವರೆಲ್ಲಾ ಭ್ರಮೆಯಲ್ಲಿದ್ದಾರೆ ಅಂದರೆ ಅದು ಅನ್ಯಾಯ. ಕೆಲವು ನಷ್ಟ ಮಿದುಳಿನಲ್ಲಿ ಆದದ್ದಲ್ಲ, ನೆಲದ ಮೇಲೆ ಆದದ್ದು.

ಆಸ್ಟ್ರೇಲಿಯಾದ ಗ್ಲೆನ್ ಆಲ್ಬ್ರೆಕ್ಟ್ ಎಂಬ ಚಿಂತಕ ಹಂಟರ್ ಕಣಿವೆಯ ಜನರನ್ನು ಗಮನಿಸಿದರು. ಅಲ್ಲಿ ತೆರೆದ ಕಲ್ಲಿದ್ದಲು ಗಣಿಗಳು ಹಬ್ಬುತ್ತಿದ್ದವು. ಜನ ಊರು ಬಿಟ್ಟಿರಲಿಲ್ಲ, ತಮ್ಮ ಮನೆಯಲ್ಲೇ ಇದ್ದರು, ಆದರೂ ಮನೆ ಕಳೆದುಕೊಂಡವರ ಹಾಗೆ ಸಂಕಟ ಪಡುತ್ತಿದ್ದರು. ಊರೇ ಅವರನ್ನು ಬಿಟ್ಟು ಹೋಗುತ್ತಿತ್ತು. ಇದಕ್ಕೆ ಅವರು ಬೇರೆ ಹೆಸರೇ ಕೊಟ್ಟರು, ಸೊಲಾಸ್ಟಾಲ್ಜಿಯಾ ಅಂತ. ಶಹಾಬಾದ್, ವಾಡಿ, ಸೇಡಂ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಗಳ ಗುಂಡಿ, ಸಿಮೆಂಟಿನ ಬೂದಿ ಧೂಳು ಕೂತ ಗಿಡ, ಅವರು ದಿನಾ ನೋಡುತ್ತಾರೆ. ಇದು ವಯಸ್ಸಿನ ಮಾತಲ್ಲ.

ಮನೆಯನ್ನೂ ಹೀಗೇ ನೋಡಬಹುದು. ವೈನಿ ಹೇಳಿದ ಸೋರುವ ಮಾತು ನಿಜ. ಹಳೇ ಮನೆ ತಂಪು ಇತ್ತು ಅನ್ನುವುದೂ ನಿಜ, ಅದು ಬರೀ ನೆನಪಿನ ತಂಪಲ್ಲ. ದಪ್ಪ ಕಲ್ಲಿನ ಗೋಡೆ, ತೊಲೆ ಜಂತಿಯ ಮೇಲೆ ಮೊಳದಷ್ಟು ಮಣ್ಣು ಇದ್ದಾಗ ಹಗಲಿನ ಶಾಖ ಒಳಗೆ ಬರಲು ತುಂಬಾ ಹೊತ್ತು ಹಿಡಿಯುತ್ತದೆ. ತೆಳು ಆರ್‌ಸಿಸಿ ಸ್ಲ್ಯಾಬು ಮಧ್ಯಾಹ್ನವೇ ಕಾದು, ರಾತ್ರಿಯೆಲ್ಲಾ ಆ ಕಾವನ್ನು ಕೆಳಗೆ ಬಿಡುತ್ತದೆ. ನೆಲಕ್ಕೆ ಹಾಕಿದ್ದ ಶಹಾಬಾದ್ ಪರಸಿಯನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿದ್ದೇವೆ. ಅಪ್ಪಟ ನಮ್ಮ ನೆಲದ ಕಲ್ಲು, ಊರೂರಿಗೆ ಹೋದದ್ದು, ನಮ್ಮ ಮನೆಯಿಂದಲೇ ಹೊರಬಿತ್ತು. ಹಳೆಯದು ಬೇಕು ಅನ್ನುವುದಕ್ಕಿಂತ, ಸೋರದ ದಪ್ಪ ಮಾಳಿಗೆ ಕಟ್ಟುವುದು ಹೇಗೆ ಅಂತ ಇಂಜಿನಿಯರನ್ನು ಕೇಳುವುದು ಉಪಯೋಗಕ್ಕೆ ಬರುವ ಹಂಬಲ.

ನಾನು ಬಳಸುವ ಪರೀಕ್ಷೆ ಸರಳ. ಹೋದದ್ದು ಏನು ಅಂತ ಕೇಳಿಕೊಳ್ಳುತ್ತೇನೆ. ಹೋದದ್ದು ನನ್ನ ವಯಸ್ಸಾದರೆ ಊರು ಏನೂ ಮಾಡಲಾರದು. ಅಜ್ಜಿ, ಗೆಳೆಯ ಹೋಗಿದ್ದರೆ ಅದು ದುಃಖ, ಅದಕ್ಕೆ ದಶಕದ ಹೆಸರು ಕೊಡುವುದು ಬೇಡ. ಹೋದದ್ದು ಕೆರೆ, ಮೈದಾನ, ರಸ್ತೆ ಬದಿಯ ಬೇವಿನ ಗಿಡ, ಸಂಜೆ ಹೆಣ್ಣುಮಕ್ಕಳು ಹೆದರದೆ ನಡೆಯುವ ಓಣಿ ಆದರೆ, ಅದು ಪಾಲಿಕೆಗೆ ಅರ್ಜಿ ಹಾಕಬೇಕಾದ ವಿಷಯ. ನಾವು ಮಾತ್ರ ಮೂರನ್ನೂ ಕಲಸಿ "ಕಾಲ ಕೆಟ್ಟೋಯ್ತು" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತೇವೆ.

ಹಂಬಲದಿಂದ ಲಾಭ ಇಲ್ಲವೇ ಅಂದರೆ, ಇದೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಾಂಟಿನ್ ಸೆಡಿಕಿಡೆಸ್, ಟಿಮ್ ವಿಲ್ಡ್‌ಶುಟ್ ಮತ್ತು ತಂಡದವರು 2006ರಿಂದ ಈಚೆಗೆ ಇದನ್ನು ಸಾಕಷ್ಟು ಪರೀಕ್ಷಿಸಿದ್ದಾರೆ. ಒಂಟಿತನ, ಬೇಸರ ಬಂದಾಗ ಮನಸ್ಸು ಹಿಂದಕ್ಕೆ ಹೋಗುತ್ತದೆ. ಹೋಗಿ ಬಂದ ಮೇಲೆ, ನನಗೂ ಜನ ಇದ್ದಾರೆ ಅನ್ನುವ ಭಾವ ಹೆಚ್ಚುತ್ತದೆ. ಒಂಟಿತನಕ್ಕೆ ಮನಸ್ಸು ತಾನೇ ಮಾಡಿಕೊಳ್ಳುವ ಕಷಾಯ ಇದು. ಪಿಜಿ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ಹಳೇ ಗೆಳೆಯನಿಗೆ ಫೋನ್ ಹಚ್ಚಿ "ಏನ್ ಮಾಡ್ಲಾಕತ್ತಿದಿ ಲೇ" ಅಂತ ಕೇಳಿದರೆ ಮೈ ಹಗುರ ಆಗುವುದು ಸುಮ್ನೆ ಅಲ್ಲ.

ಗೆಳೆಯನಿಗೆ ಫೋನ್ ಮಾಡುವವರೆಗೆ ಸರಿ. ಬರೀ ರೀಲ್ಸ್ ನೋಡುತ್ತಾ ಕೂತರೆ ಬೇರೆ. ಕಾಯಿನ್ ಬೂತು, ರಬ್ಬರ್ ಚಪ್ಪಲಿ, ದೂರದರ್ಶನದ ಧ್ವನಿ ಹಾಕಿ "ಇದು ನೆನಪಿದ್ದರೆ ನಿಮ್ಮ ಬಾಲ್ಯ ಬಂಗಾರ" ಅಂತ ಬರೆದವರಿಗೆ ಬೇಕಿರುವುದು ನಿಮ್ಮ ಬಾಲ್ಯ ಅಲ್ಲ, ನೀವು ಇನ್ನೊಂದು ನಿಮಿಷ ನೋಡುವುದು. ಬಿಸ್ಕತ್ತು, ಸಾಬೂನು ಮಾರುವವರಿಗೂ ಈ ಗುಟ್ಟು ಗೊತ್ತು. ಆ ಒಳ್ಳೆಯ ಕಾಲ ಹಾಳಾದದ್ದು ಇಂಥ ಜನರಿಂದ ಅಂತ ಬೆರಳು ತೋರಿಸುವವರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಹಳೆಯದನ್ನು ನೆನೆದು ಖುಷಿ ಪಡುವುದು ಬೇರೆ, ಹಳೆಯದನ್ನು ಹಾಗೇ ಮತ್ತೆ ಕಟ್ಟುತ್ತೇವೆ ಅಂತ ಹೊರಡುವುದು ಬೇರೆ ಅಂತ ಸ್ವೆತ್ಲಾನಾ ಬಾಯ್ಮ್ ಎಂಬ ವಿದ್ವಾಂಸೆ ಎರಡನ್ನೂ ಬಿಡಿಸಿ ತೋರಿಸಿದ್ದರು. ಎರಡನೆಯದರ ಹತ್ತಿರ ನಾನು ಹೋಗುವುದಿಲ್ಲ. ಉರುಸಿಗೂ ಜಾತ್ರೆಗೂ ಒಂದೇ ಮಂದಿ ಹೋಗುವ, ಅರ್ಧ ಕನ್ನಡ ಅರ್ಧ ದಖ್ಖನಿ ಆಡುವ ಊರಿನಲ್ಲಿ, ಯಾರ ಹಳೆಯದನ್ನು ಕಟ್ಟುತ್ತೀರಿ?

ಊರು ನಿಜವಾಗಿ ಹೇಗಿದೆ ಅಂತ ತಿಳಿಯಬೇಕಿದ್ದರೆ, ಈ ಸಲ ಜಾತ್ರೆಗೆ ಬೇಡ, ಮೇ ತಿಂಗಳ ಮಧ್ಯದ ಒಂದು ವಾರ ರಜೆ ಹಾಕಿ ಹೋಗಿ. ನಳದ ನೀರು ಯಾವಾಗ ಬರುತ್ತದೋ ಆಗ ಎದ್ದು ತುಂಬಿ. ಮಧ್ಯಾಹ್ನ ಆಟೋ ಹಿಡಿದು ಯಾವುದಾದರೂ ಸರ್ಕಾರಿ ಆಫೀಸಿಗೆ ಒಂದು ಕಾಗದ ಕೊಟ್ಟು ಬನ್ನಿ. ಸಂಜೆ ಮಿರ್ಚಿ ತಿನ್ನುತ್ತಾ ಪಕ್ಕದಲ್ಲಿರುವ ಹುಡುಗರನ್ನು ಮಾತಾಡಿಸಿ. ಅವರಿಗೆ ಈಗ ಹನ್ನೆರಡು ಹದಿಮೂರು. ಅವರನ್ನು ಕೇಳಿದರೆ ಊರು ಭಾರಿ ಜೋರಾಗಿದೆ.